ನೀಲಿ ಮುದ್ರೆಯ ಡಾಲರ್

ನಮ್ಮ ಗಲ್ಲಾಪೆಟ್ಟಿಗೆಗೆ ಮೊದಲ ನೀಲಿ ಮುದ್ರೆಯ ಡಾಲರ್ ಬಂದ ದಿನ ನಾನೂ ನಮ್ಮ ಯಜಮಾನರೂ ಅದನ್ನು ಖೋಟಾ ನೋಟೆಂದೇ ತೀರ್ಮಾನಿಸಿದ್ದೆವು. ಚಿಕಾಗೋ ಹತ್ತಿರದ ವುಡ್‌ರಿಡ್ಜ್‌ನಲ್ಲಿ ನಮ್ಮದೊಂದು ಡ್ರೈ ಕ್ಲೀನಿಂಗ್ ಅಂಗಡಿ. ಒಗೆಯುವುದು, ಇಸ್ತ್ರಿ ಮಾಡುವುದು ಅವರ ಪಾಲು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಮದುವೆಗೆ ವಾರ ಉಳಿದಿರುವಾಗ ಗೌನಿನ ಸೊಂಟ ಸಡಿಲಿಸುವುದು ನನ್ನ ಪಾಲು. ಅಂದು ಬೆಳಗ್ಗೆ ಚಿಲ್ಲರೆ ಎತ್ತಿಡುವಾಗ ಒಂದು ಡಾಲರಿನ ನೋಟು ಕೈಗೆ ಸಿಕ್ಕಿತು. ಎಲ್ಲ ಸರಿಯಾಗಿಯೇ ಇತ್ತು, ಅದೇ ಅಧ್ಯಕ್ಷರ ಮುಖ, ಅದೇ ಬಿಗಿ ತುಟಿ. ಆದರೆ ಬಲಗಡೆಯ ದುಂಡು ಮುದ್ರೆ ಹಸಿರಿನ ಬದಲು ನೀಲಿ. ನೋಟಿನ ನಂಬರ್ ಕೂಡ ನೀಲಿ.

ಇಲ್ಲಿ ಒಂದು ಮಾತು ಹೇಳಬೇಕು. ನಾನು ಅರಸೀಕೆರೆಯವಳು, ಯಜಮಾನರು ಹಾಸನದವರು. ಮನೆಯಲ್ಲಿ ನಮ್ಮದು ಉರ್ದು. ಅಂಗಡಿಯಲ್ಲಿ ಮಾತ್ರ ನಾವಿಬ್ಬರೂ ಕನ್ನಡ ಆಡುತ್ತೇವೆ. ನಮ್ಮ ಗಿರಾಕಿಗಳಲ್ಲಿ ಹೈದರಾಬಾದಿನವರು, ಲಾಹೋರಿನವರು, ದೆಹಲಿಯವರು ಬೇಕಾದಷ್ಟು ಮಂದಿ. ಅವರೆದುರಿಗೆ ಉರ್ದುವಿನಲ್ಲಿ ಗುಟ್ಟು ಮಾತಾಡಲು ಸಾಧ್ಯವೇ? ಹಾಗಾಗಿ ಸರ್ಕಾರಿ ಶಾಲೆಯಲ್ಲಿ ಕಲಿತ ಕನ್ನಡ ಅಂಗಡಿಯಲ್ಲಿ ನಮಗೆ ಬೀಗದ ಹಾಗೆ ಉಪಯೋಗಕ್ಕೆ ಬರುತ್ತಿತ್ತು.

ಆ ಹೊತ್ತಿಗೆ ಕೌಂಟರಿನ ಎದುರು ಒಬ್ಬ ಹೊಸ ಗಿರಾಕಿ ನಿಂತಿದ್ದರು. ಬಿಳಿಕೂದಲು, ತೆಳ್ಳಗಿನ ಮೈ, ತೋಳಿನ ಮೇಲೆ ಎರಡು ಸೂಟು. ನೋಡಿದರೆ ಗುಜರಾತಿನವರ ಹಾಗೆ ಕಂಡರು.

"ಇದು ಕಳ್ಳನೋಟೇ ರೀ," ಎಂದೆ ನಾನು.

"ಯಾರು ಕೊಟ್ರು ಇದನ್ನ?" ಯಜಮಾನರು ನೋಟನ್ನು ಬೆಳಕಿಗೆ ಹಿಡಿದರು. "ಈ ಅಜ್ಜ ಏನಾದ್ರೂ ಕೊಟ್ರಾ?"

"ಅವರು ಇನ್ನೂ ಪರ್ಸೇ ತೆಗೆದಿಲ್ಲ. ಮೆಲ್ಲಗೆ ಮಾತಾಡಿ."

"ಮೆಲ್ಲಗೆ ಯಾಕೆ, ಅವರಿಗೇನು ಅರ್ಥ ಆಗುತ್ತಾ?"

ಗಿರಾಕಿ ಸೂಟುಗಳನ್ನು ಕೌಂಟರಿನ ಮೇಲಿಟ್ಟು, ಕನ್ನಡಕ ಸರಿಮಾಡಿಕೊಂಡು, ಅಪ್ಪಟ ಮೈಸೂರಿನ ಕನ್ನಡದಲ್ಲಿ ಹೇಳಿದರು: "ಅಜ್ಜ ಕೊಟ್ಟಿಲ್ಲಪ್ಪಾ. ಆದ್ರೆ ಅದು ಕಳ್ಳನೋಟೂ ಅಲ್ಲ. ಸ್ವಲ್ಪ ಇಲ್ಲಿ ತೋರಿಸ್ತೀರಾ?"

ನಮ್ಮ ಯಜಮಾನರ ಮುಖ ಆಗ ಹೇಗಾಯಿತೆಂದರೆ, ಅದನ್ನು ನೆನೆದು ನಾನು ಇಂದಿಗೂ ನಗುತ್ತೇನೆ. ಅವರು ಎರಡೂ ಕೈಯಿಂದ ನೋಟನ್ನು ಕೊಟ್ಟರು, ಮಸೀದಿಯಲ್ಲಿ ಹಿರಿಯರಿಗೆ ಏನನ್ನಾದರೂ ಕೊಡುವಂತೆ.

ಅಂಕಲ್ ಅದನ್ನು ಅಂಚಿನಲ್ಲಿ ಮಾತ್ರ ಹಿಡಿದರು. ಅಂದಿನಿಂದ ನಮಗೆ ಅವರು ಅಂಕಲ್ಲೇ. ಓಕ್ ಬ್ರೂಕ್‌ನಲ್ಲಿ ಮನೆ. ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುನ್ನ ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ನಿವೃತ್ತರಾದವರು. "ನಲವತ್ತು ವರ್ಷ ಜನರನ್ನ ಮಲಗಿಸಿದೆ, ಈಗ ನನಗೆ ನಿದ್ದೆ ಬರಲ್ಲ, ಅದಕ್ಕೆ ನೋಟು ಜೋಡಿಸ್ತೀನಿ," ಎಂದು ಆಮೇಲೊಮ್ಮೆ ಹೇಳಿದ್ದರು. ಅಂದು ಮಾತ್ರ ನೋಟಿನ ಮೇಲ್ಭಾಗದ ಸಣ್ಣ ಅಕ್ಷರಗಳ ಮೇಲೆ ಬೆರಳಾಡಿಸದೆ, ಬೆರಳನ್ನು ಗಾಳಿಯಲ್ಲಿ ಓಡಿಸುತ್ತಾ ನನಗೆ ಓದಿ ತೋರಿಸಿದರು.

"ನೋಡಮ್ಮಾ, ಸಿಲ್ವರ್ ಸರ್ಟಿಫಿಕೇಟ್ ಅಂತಿದೆ. ಇದನ್ನ ತಂದವರಿಗೆ ಒಂದು ಡಾಲರ್ ಬೆಳ್ಳಿ ಕೊಡ್ತೀವಿ ಅಂತ ಸರ್ಕಾರ ಮಾತು ಕೊಟ್ಟಿದೆ. ಒಂದು ಕಾಲದಲ್ಲಿ ನಿಜವಾಗ್ಲೂ ಕೊಡ್ತಿದ್ರು. ಮೊದಮೊದಲು ಬೆಳ್ಳಿ ನಾಣ್ಯ, ಕೊನೆಗೆ ಸಣ್ಣ ಪೊಟ್ಟಣದಲ್ಲಿ ಬೆಳ್ಳಿ ಕಾಳು."

"ಈಗ ತೊಗೊಂಡು ಹೋದ್ರೆ?"

"ಈಗ ತೊಗೊಂಡು ಹೋದ್ರೆ ಇನ್ನೊಂದು ಡಾಲರ್ ನೋಟು ಕೊಡ್ತಾರೆ. ಬೆಳ್ಳಿ ಕೊಡೋದು ನಿಲ್ಲಿಸಿ ಐವತ್ತು ವರ್ಷದ ಮೇಲಾಯ್ತು. ನನ್ನಂಥ ಹುಚ್ಚರು ಸಿಕ್ಕಿದ್ರೆ ಸ್ವಲ್ಪ ಜಾಸ್ತಿ ಕೊಡ್ತಾರೆ."

ಅವರಿಗೇ ಅದನ್ನು ಕೊಟ್ಟುಬಿಡೋಣ ಎಂದು ಯಜಮಾನರು ಕಣ್ಸನ್ನೆ ಮಾಡಿದರು, ಅಜ್ಜ ಎಂದದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ. ನನಗೆ ಮನಸ್ಸಾಗಲಿಲ್ಲ. ನೀಲಿ ಮುದ್ರೆ ನನ್ನನ್ನು ಹಿಡಿದುಬಿಟ್ಟಿತ್ತು. ಸಣ್ಣವಳಿದ್ದಾಗ ಬಳೆಯಂಗಡಿಯ ಮುಂದೆ ನಿಂತರೆ ಹೀಗೆಯೇ ಕಾಲು ಏಳುತ್ತಿರಲಿಲ್ಲ. ಅಂಕಲ್ ನನ್ನ ಮುಖ ನೋಡಿ ನಕ್ಕರು. "ಇಟ್ಕೊಳ್ಳಮ್ಮಾ. ನಿನಗೂ ಹತ್ತಿಕೊಂಡ ಹಾಗಿದೆ," ಎಂದರು.

ಹತ್ತಿಕೊಂಡಿತು. ಅಂಕಲ್ ಪ್ರತಿ ವಾರ ಒಂದು ಅಂಗಿಯನ್ನಾದರೂ ಒಗೆಯಲು ತಂದು, ಅದರ ನೆಪದಲ್ಲಿ ಒಂದು ಗಂಟೆ ಕೂತು ಪಾಠ ಹೇಳುತ್ತಿದ್ದರು. ನೋಟಿನ ಮೇಲೆ ದೇವರ ಹೆಸರು ಅಚ್ಚಾಗುವ ಮೊದಲಿನವು ಯಾವುವು, ಆಮೇಲಿನವು ಯಾವುವು. ನಂಬರಿನ ಪಕ್ಕದಲ್ಲಿ ಪುಟ್ಟ ನಕ್ಷತ್ರವಿದ್ದರೆ ಅಚ್ಚಿನಲ್ಲಿ ಕೆಟ್ಟುಹೋದ ನೋಟಿನ ಬದಲಿಗೆ ಬಂದದ್ದೆಂದು ಹೇಗೆ ತಿಳಿಯಬೇಕು. ಯುದ್ಧಕಾಲದಲ್ಲಿ ಆಫ್ರಿಕಾಕ್ಕೆ ಹೋದ ಸೈನಿಕರಿಗೆ ಕೊಟ್ಟ ನೋಟಿನ ಮುದ್ರೆ ಯಾಕೆ ಹಳದಿ. ಅವರ ಮನೆಗೆ ಹೋದಾಗ ಮಡಚಿದ ಕರವಸ್ತ್ರದಷ್ಟು ಅಗಲದ ಹಳೆಯ ನೋಟೊಂದನ್ನು ತೋರಿಸಿದರು. ನಡುವೆ ಕಪ್ಪು ಗರುಡ ರೆಕ್ಕೆ ಬಿಚ್ಚಿ ಕೂತಿತ್ತು. ನಾನು ಉಸಿರು ಬಿಗಿಹಿಡಿದು ನೋಡಿದೆ. ಆಂಟಿ ಅಡುಗೆಮನೆಯಿಂದಲೇ, "ಜಾಗ ತಿನ್ನದ ಹುಚ್ಚು ಇದೊಂದೇ ಕಣಮ್ಮಾ, ಅದಕ್ಕೇ ಬಿಟ್ಟಿದೀನಿ. ಇವರ ಫ್ರೆಂಡ್ ಒಬ್ಬರು ಪಿಯಾನೋ ಕಲೆಕ್ಟ್ ಮಾಡ್ತಾರೆ," ಎಂದರು.

ನಮ್ಮ ಮಗಳಿಗೆ ಇದೊಂದು ತಮಾಷೆ. "ಅಮ್ಮೀ, ಇಟ್ಸ್ ಜಸ್ಟ್ ಎ ಡಾಲರ್," ಎನ್ನುತ್ತಾಳೆ. ಹೌದು, ಒಂದೇ ಡಾಲರ್. ನನ್ನ ಕೈಗೆಟಕುವವು ಅಂಥವೇ, ಎಲ್ಲ ಕಡೆ ಸಿಗುವಂಥವು, ನಾಲ್ಕು ಜನರ ಜೇಬಿನಲ್ಲಿ ಓಡಾಡಿ ಮೆತ್ತಗಾದವು. ಆದರೂ ಸಂಜೆ ಅಂಗಡಿ ಮುಚ್ಚಿ ಅವುಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಹಾಳೆಯೊಳಗೆ ಸೇರಿಸುವಾಗ ನನಗೆ ಆಗುವ ಸುಖವನ್ನು ಬಾಯಿಮಾತಿನಲ್ಲಿ ಹೇಳಲಾರೆ. ಹಗಲೆಲ್ಲ ಬೇರೆಯವರ ಬಟ್ಟೆ ಹೊಲಿಯುತ್ತೇನೆ. ಈ ಆಲ್ಬಮ್ ಒಂದೇ ನನ್ನದು.

ಆ ವರ್ಷದ ಈದ್‌ಗೆ ಯಜಮಾನರು ನನಗೊಂದು ಅಚ್ಚರಿಯ ಉಡುಗೊರೆ ಕೊಟ್ಟರು. ನನ್ನ ಆಲ್ಬಮ್ಮನ್ನು ಕದ್ದು ತೆಗೆದು, ಅದರಲ್ಲಿದ್ದ ನೋಟುಗಳನ್ನೆಲ್ಲ ಹೊರಗೆಳೆದು, ಒಂದು ಹನಿ ಸೋಪು ಹಾಕಿದ ನೀರಿನಲ್ಲಿ ಅದ್ದಿ, ಒರೆಸಿ, ಎರಡು ಬಿಳಿ ಬಟ್ಟೆಗಳ ನಡುವೆ ಇಟ್ಟು, ಹದವಾದ ಶಾಖದಲ್ಲಿ ಇಸ್ತ್ರಿ ಮಾಡಿ ಮತ್ತೆ ಜೋಡಿಸಿಟ್ಟಿದ್ದರು. ನೋಟುಗಳು ಈಗತಾನೆ ಅಚ್ಚಿನಿಂದ ಬಂದಂತೆ ಗರಿಗರಿಯಾಗಿದ್ದವು. ಒಂದರಲ್ಲೂ ಸುಕ್ಕಿಲ್ಲ. ಹಬ್ಬದ ಶಾವಿಗೆ ಪಾಯಸ ಸೀರುಕುರ್ಮಾ ಕುಡಿಯಲು ಬಂದಿದ್ದ ಅಂಕಲ್‌ಗೆ ಅವರೇ ಹೆಮ್ಮೆಯಿಂದ ಆಲ್ಬಮ್ ತಂದು ತೋರಿಸಿದರು.

ಅಂಕಲ್ ಮೊದಲ ಹಾಳೆ ನೋಡಿದರು. ಎರಡನೆಯದನ್ನು ನೋಡಿದರು. ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟರು.

"ಒಗೆದ್ರಾ?" ಎಂದು ಕೇಳಿದರು.

"ಕೈಯಲ್ಲೇ ಒಗೆದಿದ್ದು ಅಂಕಲ್, ಮೆಷಿನ್‌ಗೆ ಹಾಕಿಲ್ಲ," ಎಂದರು ನಮ್ಮವರು.

"ಇಸ್ತ್ರೀನೂ ಮಾಡಿದ್ರಾ!"

"ಸ್ಟಾರ್ಚ್ ಮಾತ್ರ ಹಾಕಿಲ್ಲ. ಹಾಕ್ಲಾ ಅಂತ ಒಂದು ಸಲ ಅನ್ಕೊಂಡೆ."

ಹಳೆಯ ನೋಟನ್ನು ಒಗೆಯಬಾರದು, ಇಸ್ತ್ರಿ ಮಾಡಬಾರದು. ಹಾಗೆ ಮಾಡಿದರೆ ಸಂಗ್ರಹಕಾರರು ಅದನ್ನು ಮೂಸಿಯೂ ನೋಡುವುದಿಲ್ಲವೆಂದು ಅಂಕಲ್ ತುಂಬ ನಿಧಾನವಾಗಿ, ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿ ತಿಳಿಸುವ ಡಾಕ್ಟರಂತೆ, ತಿಳಿಸಿದರು. ಯಜಮಾನರು ನನ್ನತ್ತ ನೋಡಿದರು. ಮೂವತ್ತು ವರ್ಷದಿಂದ ಸುಕ್ಕು ತೆಗೆಯುವುದೇ ಕಸುಬಾಗಿರುವ ಮನುಷ್ಯ, ಸುಕ್ಕು ತೆಗೆದದ್ದಕ್ಕೆ ಬೈಸಿಕೊಳ್ಳುತ್ತೇನೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ನಗು ಶುರುವಾದರೆ ನನಗೆ ನಿಲ್ಲಿಸಲಾಗುವುದಿಲ್ಲ. ಕೊನೆಗೆ ಅಂಕಲ್ಲೂ ನಕ್ಕರು. "ಬಿಡಮ್ಮಾ, ಇಡೀ ಅಮೆರಿಕದಲ್ಲಿ ಇಷ್ಟು ಕ್ಲೀನಾದ ಕಲೆಕ್ಷನ್ ಇನ್ನೊಂದಿರಲ್ಲ," ಎಂದರು.

ಈ ತಪ್ಪನ್ನು ಸರಿಪಡಿಸಲೆಂದೇ ಯಜಮಾನರು ಆ ಅಕ್ಟೋಬರಿನಲ್ಲಿ ನಮ್ಮನ್ನು ಮಿಷಿಗನ್ನಿಗೆ ಹೊರಡಿಸಿದ್ದು. ಡೆಟ್ರಾಯಿಟಿನ ಹತ್ತಿರ ವಿಕ್ಸಮ್ ಎಂಬ ಊರಿನಲ್ಲಿ ಹಳೆಯ ನಾಣ್ಯ ಮತ್ತು ನೋಟುಗಳ ಪ್ರದರ್ಶನವಿದೆಯೆಂದು ಅಂಕಲ್ ಹೇಳಿದ್ದರು. ಅವರಿಗೆ ಈಗ ಹೈವೇಯಲ್ಲಿ ಅಷ್ಟು ದೂರ ಡ್ರೈವ್ ಮಾಡಲಾಗುವುದಿಲ್ಲ. "ನಾನು ಕರ್ಕೊಂಡು ಹೋಗ್ತೀನಿ ಅಂಕಲ್," ಎಂದರು ನಮ್ಮವರು. ಶನಿವಾರ ಅಂಗಡಿಯನ್ನು ಮಗಳಿಗೆ ಒಪ್ಪಿಸಿ ನಾವು ಮೂವರು ಹೊರಟೆವು. ನಾನು ಚಪಾತಿ, ಕೈಮಾ, ಅಂಕಲ್‌ಗೆಂದು ಪುಳಿಯೋಗರೆ ಕಟ್ಟಿಕೊಂಡಿದ್ದೆ. ಮಿಷಿಗನ್ ಸರೋವರದ ದಕ್ಷಿಣ ತುದಿಯನ್ನು ಬಳಸಿಕೊಂಡು ಇಂಡಿಯಾನಾ ದಾಟಿದರೆ ಆಮೇಲೆ ಎರಡೂ ಬದಿಗೆ ಮೇಪಲ್ ಮರಗಳು. ಅವು ಅಂದು ಕೆಂಪಾಗಿ, ಕಿತ್ತಳೆಯಾಗಿ ಉರಿಯುತ್ತಿದ್ದವು. ನಮ್ಮವರಿಗೆ ಫೋನಿನಲ್ಲಿ ಮ್ಯಾಪ್ ಹಾಕಿಕೊಂಡು ಓಡಿಸುವುದೆಂದರೆ ಅವಮಾನ. "ಒಂದೇ ರೋಡು, ಆಮೇಲೆ ಎರಡು ತಿರುವು," ಎಂದರು. ದಾರಿ ತಪ್ಪಲಿಲ್ಲ, ನಿಜ. ರೆಸ್ಟ್ ಏರಿಯಾದಲ್ಲಿ ಆರಾಮವಾಗಿ ಊಟ ಮಾಡಿ, ಸೇಬಿನ ತೋಟವೊಂದರಲ್ಲಿ ಬಿಸಿಬಿಸಿ ಡೋನಟ್ ತಿಂದು, ಪ್ರದರ್ಶನ ಮುಗಿಯಲು ಇನ್ನೂ ಒಂದು ಗಂಟೆಯಿದೆ ಎಂದುಕೊಂಡು ಹಾಲ್ ಮುಂದೆ ಕಾರು ನಿಲ್ಲಿಸಿದೆವು.

ಒಳಗೆ ಕುರ್ಚಿಗಳನ್ನು ಮಡಚುತ್ತಿದ್ದರು. ಮೇಜುಗಳೆಲ್ಲ ಖಾಲಿ. ಕೊನೆಯ ವ್ಯಾಪಾರಿ ಪೆಟ್ಟಿಗೆಗಳನ್ನು ತಳ್ಳುಗಾಡಿಯ ಮೇಲೆ ಒಟ್ಟಿಕೊಂಡು ಹಿಂಬಾಗಿಲಿನಿಂದ ಹೋಗುತ್ತಿದ್ದ. ನಾವು ಮೂವರೂ ಬಾಗಿಲಲ್ಲಿ ಬೆಪ್ಪಾಗಿ ನಿಂತೆವು.

ಹೆಸರು ಬರೆದುಕೊಳ್ಳುವ ಮೇಜಿನ ಬಳಿ ಒಬ್ಬ ಹೆಂಗಸು ಪೆನ್ನುಗಳನ್ನು ಡಬ್ಬಿಗೆ ತುಂಬುತ್ತಿದ್ದರು. ಎಪ್ಪತ್ತು ದಾಟಿದ ವಯಸ್ಸು, ಗಿಡ್ಡಗೆ ಕತ್ತರಿಸಿದ ಬಿಳಿಕೂದಲು, ಸ್ವೆಟರಿನ ಮೇಲೆ ನಾಣ್ಯ ಸಂಘದ ಬಿಲ್ಲೆ. ನಮ್ಮನ್ನು ನೋಡಿ, "ಚಿಕಾಗೋದಿಂದ ಬಂದಿರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಹೌದೆಂದೆ. ಹೇಗೆ ಗೊತ್ತಾಯಿತೆಂದು ಕೇಳಿದೆ.

"ಪ್ರತಿ ಸಲವೂ ಯಾರಾದರೂ ಒಬ್ಬರು ಚಿಕಾಗೋದಿಂದ ಒಂದು ಗಂಟೆ ತಡವಾಗಿ ಬರುತ್ತಾರೆ," ಎಂದರು. "ಇಲ್ಲಿ ಗಡಿಯಾರ ನಿಮಗಿಂತ ಒಂದು ಗಂಟೆ ಮುಂದೆ."

ಯಜಮಾನರು ತಮ್ಮ ಕೈಗಡಿಯಾರವನ್ನು ನೋಡಿಕೊಂಡು, ಅಂಗಿಯ ತೋಳನ್ನು ಅದರ ಮೇಲೆ ಎಳೆದುಕೊಂಡರು. ಅಂಕಲ್ ಮಾತ್ರ ಕುರ್ಚಿಯೊಂದನ್ನು ಎಳೆದುಕೊಂಡು ಕೂತೇಬಿಟ್ಟರು. ಆ ಹೆಂಗಸಿಗೆ ಪಾಪ ಅನ್ನಿಸಿರಬೇಕು. ಥರ್ಮಾಸಿನಲ್ಲಿ ಉಳಿದಿದ್ದ ಕಾಫಿಯನ್ನು ನಮಗೆಲ್ಲ ಹಂಚಿ, ಮೂಲತಃ ಯಾವ ಊರಿನವರೆಂದು ಕೇಳಿದರು. ಅರಸೀಕೆರೆ ಎಂದರೆ ಯಾರಿಗೆ ತಿಳಿಯುತ್ತದೆ? ನಾನು ಎಲ್ಲರಿಗೂ ಹೇಳುವಂತೆ, "ಬೆಂಗಳೂರಿನ ಹತ್ತಿರ," ಎಂದೆ.

ಅವರು ಡಬ್ಬಿಯ ಮುಚ್ಚಳ ಹಾಕುವುದನ್ನು ನಿಲ್ಲಿಸಿದರು. "ಬೆಂಗಳೂರಾ? ನಮ್ಮಪ್ಪ ಯುದ್ಧದ ಕಾಲದಲ್ಲಿ ಅಲ್ಲಿದ್ದರು. ವಿಮಾನ ರಿಪೇರಿ ಮಾಡುವ ಮೆಕ್ಯಾನಿಕ್ ಆಗಿ."

ಅಂಕಲ್ ಚೇತರಿಸಿಕೊಂಡು ನೆಟ್ಟಗೆ ಕೂತರು. ಆ ಕಾಲದಲ್ಲಿ ಅಮೆರಿಕದ ವಿಮಾನಗಳು ರಿಪೇರಿಗೆ ಬೆಂಗಳೂರಿಗೆ ಬರುತ್ತಿದ್ದವೆಂದು ಅಂಕಲ್ ಅವರ ತಂದೆಯವರೂ ಹೇಳುತ್ತಿದ್ದರಂತೆ.

"ನಿಮ್ಮ ಭಾಷೆಯನ್ನು ಬರೆಯುವಾಗ ಅಕ್ಷರಗಳು ಹೇಗಿರುತ್ತವೆ? ದುಂಡಗಾ?" ಎಂದು ಆಕೆ ಕೇಳಿದರು.

ನಾನು ಮೇಜಿನ ಮೇಲಿದ್ದ ಕಾಗದದಲ್ಲಿ ನನ್ನ ಹೆಸರನ್ನು ಕನ್ನಡದಲ್ಲಿ ಬರೆದು ತೋರಿಸಿದೆ. ಆಕೆ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ನಮ್ಮ ಮನೆ ಇಲ್ಲೇ, ಎರಡು ಮೈಲಿ. ನಿಮಗೆ ಒಂದು ಡಾಲರ್ ತೋರಿಸಬೇಕು. ಬರುತ್ತೀರಾ?" ಎಂದರು.

ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವ ಬದಲು ಒಂದು ಡಾಲರನ್ನಾದರೂ ನೋಡೋಣವೆಂದು ಅವರ ಕಾರಿನ ಹಿಂದೆ ಹೋದೆವು. ಸಣ್ಣ ಫ್ಯಾಕ್ಟರಿಗಳ ಸಾಲನ್ನು ದಾಟಿ, ಒಂದು ಹಳೆಯ ಬಡಾವಣೆಯಲ್ಲಿ ಒಂದೇ ಅಂತಸ್ತಿನ ಮನೆ. ನಡುಮನೆಯ ಗೋಡೆಯಲ್ಲಿ ಮೊಮ್ಮಕ್ಕಳ ಫೋಟೋಗಳ ನಡುವೆ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಒಂದು ಡಾಲರ್ ನೋಟು ತೂಗುತ್ತಿತ್ತು. ನೀಲಿ ಮುದ್ರೆ! ನಾನೂ ಅಂಕಲ್ಲೂ ಒಟ್ಟಿಗೆ ಮುಂದೆ ಬಾಗಿದೆವು. ಮುಂಬದಿಯ ತುಂಬ ಶಾಯಿಯಲ್ಲಿ ಇಂಗ್ಲಿಷ್ ಸಹಿಗಳು. ಯುದ್ಧಕಾಲದಲ್ಲಿ ವಿಮಾನದವರು ಹೀಗೆ ಒಬ್ಬರ ನೋಟಿನ ಮೇಲೆ ಇನ್ನೊಬ್ಬರು ಸಹಿ ಹಾಕಿ ಜೊತೆಗಾರಿಕೆಯ ಗುರುತಾಗಿ ಇಟ್ಟುಕೊಳ್ಳುತ್ತಿದ್ದರೆಂದು ಅಂಕಲ್ ನನಗೆ ಮೊದಲೇ ಹೇಳಿದ್ದರು. ಆದರೆ ಕಣ್ಣಾರೆ ನೋಡಿದ್ದು ಅಂದೇ.

ಆಕೆ ಚೌಕಟ್ಟನ್ನು ಇಳಿಸಿ ಅಡುಗೆಮನೆಯ ಮೇಜಿನ ಮೇಲಿಟ್ಟು ಹೇಳಿದರು: "ಅಪ್ಪ ಹೆಚ್ಚು ಮಾತಾಡುತ್ತಿರಲಿಲ್ಲ. ಇದರ ಬಗ್ಗೆ ಕೇಳಿದರೆ ಒಂದೇ ಮಾತು. ಈ ಡಾಲರ್ ಇಂಡಿಯಾದಲ್ಲಿ ನನ್ನ ಜೀವ ಉಳಿಸಿತು. ಇದರ ಹಿಂಬದಿಯಲ್ಲಿ ಬರೆದುಕೊಟ್ಟವರು ಯಾರು ಅಂದರೆ, ಬಿಳಿ ಗಡ್ಡದ ಒಬ್ಬ ಮುದುಕ ಎನ್ನುತ್ತಿದ್ದರು. ಅಷ್ಟೇ. ಅದು ಯಾರೋ ಸಾಧುವಿನ ಪ್ರಾರ್ಥನೆ ಎಂದು ನಾವೆಲ್ಲ ನಂಬಿದ್ದೇವೆ. ನಮ್ಮಮ್ಮನ ಆಪರೇಷನ್ನಿಗೆ ಇದನ್ನು ಆಸ್ಪತ್ರೆಗೆ ಒಯ್ದಿದ್ದೆವು. ನನ್ನ ತಮ್ಮ ಮದುವೆಯ ದಿನ ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದ. ಮೊಮ್ಮಗಳು ಡ್ರೈವಿಂಗ್ ಟೆಸ್ಟಿಗೂ ಕೊಂಡೊಯ್ದಳು."

ಆಮೇಲೆ ಚೌಕಟ್ಟಿನ ಹಿಂದಿನ ರಟ್ಟು ಬಿಚ್ಚಿ, ನೋಟನ್ನು ತಿರುವಿ ಹಾಕಿದರು.

ಹಸಿರು ಬೆನ್ನಿನ ಮೇಲೆ, ಬಣ್ಣ ಮಾಸಿದ ಶಾಯಿಯಲ್ಲಿ, ದುಂಡನೆಯ ಹಳೆಯ ಕನ್ನಡ ಕೈಬರಹ. ವಿಕ್ಸಮ್ಮಿನ ಅಡುಗೆಮನೆಯಲ್ಲಿ ಕನ್ನಡ ಕಂಡು ನನ್ನ ಮೈ ಜುಮ್ಮೆಂದಿತು. ಮೊದಲ ಪದಗಳು ಸಲೀಸಾಗಿ ಓದಿಬಂದವು. ಓದಿದವಳು ಬಾಯಿ ಮುಚ್ಚಿಕೊಂಡೆ. ಅಂಕಲ್ ಜೇಬಿನಿಂದ ಭೂತಗನ್ನಡಿ ತೆಗೆದು ತಾವೂ ಓದಿದರು. ಕೆಮ್ಮಿದರು.

"ಏನಂತಿದೆ?" ಎಂದು ಯಜಮಾನರು ಕನ್ನಡದಲ್ಲಿ ಕೇಳಿದರು.

"ಇವರಿಗೆ ಖಾರ ಆಗುವುದಿಲ್ಲ," ಎಂದು ನಾನು ಓದಿದೆ.

"ಮುಂದೆ?"

"ಮೊಸರನ್ನ ಕೊಡಿ," ಎಂದರು ಅಂಕಲ್.

ಯಜಮಾನರು ಕಿಟಕಿಯತ್ತ ಮುಖ ತಿರುಗಿಸಿಕೊಂಡರು. ಅವರ ಬೆನ್ನು ಅಲುಗುತ್ತಿತ್ತು. ಆಕೆ ನಮ್ಮ ಮೂವರ ಮುಖಗಳನ್ನು ಒಂದಾದ ಮೇಲೊಂದು ನೋಡುತ್ತಾ ಕಾದು ನಿಂತಿದ್ದರು.

"ಹೇಳೋದು ಬೇಡಮ್ಮಾ," ಎಂದು ಅಂಕಲ್ ಮೆಲ್ಲಗೆಂದರು. "ಆಶೀರ್ವಾದ ಅಂತ ಹೇಳ್ಬಿಡು. ಅವರ ಮನೆಯವರೆಲ್ಲ ಎಷ್ಟು ವರ್ಷದಿಂದ ನಂಬಿದಾರೆ."

"ಸುಳ್ಳು ಹೇಳ್ಬೇಡ," ಎಂದರು ನಮ್ಮವರು, ಕಿಟಕಿಯ ಕಡೆಯಿಂದಲೇ. "ಮನೆಗೆ ಕರೆದಿದಾರೆ. ಕಾಫಿ ಕೊಟ್ಟಿದಾರೆ."

ಇನ್ನೂ ಒಂದು ಸಾಲು ಉಳಿದಿತ್ತು. ಅಂಚಿನಲ್ಲಿ, ಮಡಿಕೆಯ ಗೆರೆಗೆ ಸಿಕ್ಕಿ ಸವೆದಿತ್ತು. ನಾನು ಭೂತಗನ್ನಡಿ ತೆಗೆದುಕೊಂಡು, ನೋಟನ್ನು ಕಿಟಕಿಯ ಬೆಳಕಿಗೆ ಓರೆಮಾಡಿ ನೋಡಿದೆ. ಎರಡೇ ಪದ. ಅದನ್ನು ಓದಿದ ಮೇಲೆ ನನಗೆ ಯಾವ ಅನುಮಾನವೂ ಉಳಿಯಲಿಲ್ಲ. ಇದ್ದದ್ದನ್ನು ಇದ್ದಂತೆ ಇಂಗ್ಲಿಷಿನಲ್ಲಿ ಹೇಳಿದೆ.

"ಇದು ಪ್ರಾರ್ಥನೆಯಲ್ಲ. ಹೋಟೆಲಿನವರಿಗೋ ಅಡುಗೆಯವರಿಗೋ ಬರೆದುಕೊಟ್ಟದ್ದು. ಇವರಿಗೆ ಖಾರ ಆಗುವುದಿಲ್ಲ, ಮೊಸರನ್ನ ಕೊಡಿ ಎಂದಿದೆ. ಕೊನೆಯಲ್ಲಿ, ಒಳ್ಳೆಯ ಹುಡುಗ ಎಂದು ಬರೆದಿದ್ದಾರೆ."

ಆಕೆ ನೋಟನ್ನು ತಮ್ಮತ್ತ ತಿರುಗಿಸಿಕೊಂಡರು. ಅಂಕಲ್ ನನ್ನನ್ನು ನೋಡಿದ ನೋಟದಲ್ಲಿ, ಬೇಡವೆಂದಿದ್ದೆನಲ್ಲ ಎಂಬುದು ಸ್ಪಷ್ಟವಾಗಿತ್ತು.

"ಖಾರ ಅಂದರೆ, ಮೆಣಸಿನಕಾಯಿಯ ಖಾರವಾ?" ಎಂದು ಆಕೆ ಕೇಳಿದರು.

"ಹೌದು."

ಆಗ ಆಕೆ ನಗತೊಡಗಿದರು. ಮೊದಲು ಮೂಗಿನಲ್ಲಿ, ಆಮೇಲೆ ಬಾಯ್ತುಂಬ, ಕೊನೆಗೆ ಮೇಜನ್ನು ಹಿಡಿದುಕೊಂಡು. "ಅಪ್ಪ ಕರಿಮೆಣಸನ್ನೂ ತಿನ್ನುತ್ತಿರಲಿಲ್ಲ!" ಎಂದರು. "ಸೂಪಿನಲ್ಲಿ ಒಂದು ಚುಕ್ಕಿ ಕಂಡರೆ ಚಮಚದಲ್ಲಿ ತೆಗೆದು ಹಾಕುತ್ತಿದ್ದರು. ಜೀವ ಉಳಿಸಿತು ಅಂದರೆ, ಅವರು ನಿಜವನ್ನೇ ಹೇಳಿದ್ದು. ನಾವೇ ಅದಕ್ಕೆ ಸಾಧುವನ್ನು ಸೇರಿಸಿದೆವು!"

ಮೊಸರನ್ನವೆಂದರೇನೆಂದು ಕೇಳಿದರು. ಅನ್ನಕ್ಕೆ ಮೊಸರು, ಉಪ್ಪು ಹಾಕಿ ಕಲಸುವುದೆಂದು ನಾನು ಕೈಸನ್ನೆ ಮಾಡಿ ವಿವರಿಸಿದೆ. ಆಕೆಯ ನಗು ಅಲ್ಲಿಗೆ ನಿಂತಿತು. ಕುರ್ಚಿಯಲ್ಲಿ ಕೂತರು.

"ಬೇಸಿಗೆಯಲ್ಲಿ ಅಪ್ಪ ಫ್ಯಾಕ್ಟರಿಯಿಂದ ಬಂದು ತಣ್ಣನೆಯ ಅನ್ನಕ್ಕೆ ಮಜ್ಜಿಗೆ ಸುರಿದು, ಉಪ್ಪು ಹಾಕಿ ತಿನ್ನುತ್ತಿದ್ದರು. ಹಿಂಬಾಗಿಲ ಮೆಟ್ಟಿಲ ಮೇಲೆ, ಒಬ್ಬರೇ ಕೂತು. ಅಮ್ಮನಿಗೆ ಅದನ್ನು ನೋಡಿದರೆ ಹೇಸಿಗೆ. ಬಡತನದಲ್ಲಿ ಬೆಳೆದ ಅಭ್ಯಾಸ ಇರಬೇಕೆಂದು ನಾವು ತಿಳಿದಿದ್ದೆವು. ಅವರು ಯಾಕೆ ಹೇಳಲಿಲ್ಲವೋ." ಮತ್ತೆ ನೋಟಿನತ್ತ ಬೆರಳು ತೋರಿಸಿ, "ಆ ಕೊನೆಯ ಎರಡು ಪದ ಇನ್ನೊಮ್ಮೆ ಓದಿ," ಎಂದರು.

"ಒಳ್ಳೆಯ ಹುಡುಗ."

ಅದನ್ನು ಕನ್ನಡದಲ್ಲೇ ಹೇಳಲು ಪ್ರಯತ್ನಿಸಿದರು. ಳಕಾರ ಬರಲಿಲ್ಲ. ಕಣ್ಣೊರೆಸಿಕೊಂಡರು. ಬರೆದುಕೊಟ್ಟವರು ಯಾರಿರಬಹುದೆಂದು ಆಮೇಲೆ ಚರ್ಚೆ ಶುರುವಾಯಿತು. ಮೊಸರನ್ನ ಎಂದಮೇಲೆ ಬ್ರಾಹ್ಮಣರ ಹೋಟೆಲಿನ ಭಟ್ಟರೇ ಸರಿ ಎಂದರು ಅಂಕಲ್. ಬಿಳಿ ಗಡ್ಡ ಎಂದಮೇಲೆ ಸೈನ್ಯದ ಅಡುಗೆ ಮಾಡುತ್ತಿದ್ದ ಮುಸ್ಲಿಂ ಬಾವರ್ಚಿಯೇ ಸರಿ ಎಂದರು ಯಜಮಾನರು.

"ಭಟ್ಟರಿಗೆ ಗಡ್ಡ ಇರಬಾರದೇನಪ್ಪಾ?"

"ಬಾವರ್ಚಿ ಮೊಸರನ್ನ ತಿನ್ನಬಾರದಾ ಅಂಕಲ್? ನಮ್ಮಜ್ಜ ದಿನಾ ತಿಂತಿದ್ರು."

ಇಬ್ಬರೂ ಬಿಟ್ಟುಕೊಡಲಿಲ್ಲ. ಆಕೆಗೆ ನಾನು ಜಗಳದ ಅರ್ಥ ಹೇಳಿದಾಗ, ಇಬ್ಬರನ್ನೂ ಇಟ್ಟುಕೊಳ್ಳುತ್ತೇನೆ ಎಂದರು.

ಫ್ರಿಜ್‌ನಲ್ಲಿ ಹಿಂದಿನ ದಿನದ ಅನ್ನವಿತ್ತು, ಮೊಸರೂ ಇತ್ತು. ನಾನು ಆಕೆಯ ಅಡುಗೆಮನೆಯಲ್ಲಿ ಮೊಸರನ್ನ ಕಲಸಿದೆ. ಒಗ್ಗರಣೆಗೆ ಸಾಸಿವೆ ಇರಲಿಲ್ಲ. ಕಾರಿನಲ್ಲಿ ಉಳಿದಿದ್ದ ಪುಳಿಯೋಗರೆಯಿಂದ ಒಣಮೆಣಸಿನಕಾಯಿ ಆರಿಸಿ ತರಲೇ ಎಂದು ಯಜಮಾನರು ಕೇಳಿದ್ದಕ್ಕೆ ಅಂಕಲ್, "ಬೇಡ, ಬೇಡ, ಇಲ್ಲಿ ಬರೆದಿರೋದೇ ಅದನ್ನ," ಎಂದು ನೋಟನ್ನು ತೋರಿಸಿದರು. ನಾಲ್ವರೂ ಮೆಟ್ಟಿಲ ಬಳಿ ಕುರ್ಚಿ ಹಾಕಿಕೊಂಡು, ಮೇಪಲ್ ಎಲೆಗಳು ಉದುರುವುದನ್ನು ನೋಡುತ್ತಾ ತಿಂದೆವು. ಆಕೆ ಬಟ್ಟಲನ್ನು ಬಳಿದು ತಿಂದು, "ಅಮ್ಮ ಒಂದು ಸಲ ರುಚಿ ನೋಡಬೇಕಿತ್ತು," ಎಂದರು.

ಹೊರಡುವಾಗ ಅಂಕಲ್ ತಡೆಯಲಾರದೆ, ಅದನ್ನು ಮಾರುವ ಮನಸ್ಸಿದೆಯೇ ಎಂದು ಕೇಳಿಯೇ ಬಿಟ್ಟರು. ಆಕೆ ಅವರ ತೋಳು ತಟ್ಟಿ, ಇಲ್ಲವೆಂದರು. ಅಂಕಲ್‌ಗೆ ಅದರಿಂದ ಸಂತೋಷವೇ ಆಯಿತೆಂದು ನನಗನ್ನಿಸಿತು.

ಚಳಿಗಾಲವೆಲ್ಲ ಆಕೆ ಆಗಾಗ ಫೋನ್ ಮಾಡುತ್ತಿದ್ದರು. ಬೇಸಿಗೆಗೆ ಸ್ವಲ್ಪ ಮುಂಚೆ, ಆ ಮೂರು ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಳಿಸಲು ಕೇಳಿದರು. ಕುಟುಂಬದವರೆಲ್ಲ ಸರೋವರದ ದಂಡೆಯಲ್ಲಿ ಸೇರುವ ದಿನಕ್ಕೆ ಟೀ ಶರ್ಟು ಮಾಡಿಸುತ್ತಾರಂತೆ. ಹೆಂಗಸರಿಗೆ ಹುಡುಗ ಅನ್ನುವುದು ಸರಿಯಾಗದು, ಒಳ್ಳೆಯ ಹುಡುಗಿ ಎಂದು ಬೇರೆ ಬರೆದುಕೊಡುತ್ತೇನೆಂದೆ. ಆಕೆ ಒಪ್ಪಲಿಲ್ಲ. ಅಪ್ಪನಿಗೆ ಬರೆದದ್ದು ಹೇಗಿದೆಯೋ ಹಾಗೇ ಇರಲಿ ಎಂದರು. ಜುಲೈನಲ್ಲಿ ಫೋಟೋ ಬಂತು. ನೀರಿನ ಮುಂದೆ ಮುದುಕರು, ಹರೆಯದವರು, ಕೂಸುಗಳು, ಒಂದು ನಾಯಿ ಕೂಡ. ಎಲ್ಲರ ಎದೆಯ ಮೇಲೂ ನನ್ನ ಕೈಬರಹದಲ್ಲಿ, ಇವರಿಗೆ ಖಾರ ಆಗುವುದಿಲ್ಲ. ಅಷ್ಟು ಮಂದಿ ಬಿಳಿಯರು ಒಟ್ಟಿಗೆ ಕನ್ನಡ ತೊಟ್ಟು ನಿಂತದ್ದನ್ನು ನೋಡಿ ನಮ್ಮ ಮಗಳು, "ಓ ಮೈ ಗಾಡ್, ಅಮ್ಮೀ, ಯು ಆರ್ ಫೇಮಸ್," ಎಂದಳು.

ನಮಗೂ ಒಂದೊಂದು ಶರ್ಟು ಬಂದಿತ್ತು. ಅಂಕಲ್ ತಮ್ಮದನ್ನು ತೊಡದೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ನೋಟುಗಳ ಕಪಾಟಿಗೆ ಸೇರಿಸಿದರು. ನನ್ನದನ್ನು ನಾನು ಮನೆಯಲ್ಲಿ ತೊಡುತ್ತೇನೆ. ಯಜಮಾನರು ತಮ್ಮದನ್ನು ಮಡಿಕೆ ಕಾಣದಂತೆ ಇಸ್ತ್ರಿ ಮಾಡಿ, ಶನಿವಾರ ಅಂಗಡಿಗೇ ತೊಟ್ಟುಕೊಂಡು ಬಂದರು. ಮಧ್ಯಾಹ್ನ ಒಬ್ಬ ಹರೆಯದ ಗಿರಾಕಿ ಕೋಟು ತೆಗೆದುಕೊಂಡು ಹೋಗಲು ಬಂದವನು ಅವರ ಎದೆಯನ್ನೇ ನೋಡುತ್ತಾ ನಿಂತ.

"ಏನ್ರೀ ಸಾಹೇಬ್ರ, ಖಾರ ಆಗಂಗಿಲ್ಲೇನ್ರೀ ನಿಮಗ?" ಎಂದ.

ಹುಬ್ಬಳ್ಳಿಯವನು. ಆರು ತಿಂಗಳಿಂದ ನಮ್ಮಲ್ಲಿಗೆ ಬರುತ್ತಿದ್ದರೂ ಪರಸ್ಪರ ಇಂಗ್ಲಿಷೇ ಆಡಿದ್ದೆವು.

"ಆಗುತ್ತೆ ಸ್ವಾಮಿ, ಚೆನ್ನಾಗೇ ಆಗುತ್ತೆ," ಎಂದರು ನಮ್ಮವರು. "ಇದು ಬೇರೊಬ್ಬರ ಕಥೆ. ಕೂತ್ಕೊಳ್ಳಿ, ಹೇಳ್ತೀನಿ."

"ಹೇಳ್ರಿ, ಹೇಳ್ರಿ, ನನಗೇನ್ ಅವಸರ ಇಲ್ರೀ," ಎಂದು ಅವನು ಸ್ಟೂಲು ಎಳೆದುಕೊಂಡ. ಕಥೆ ಮುಗಿಯುವ ಹೊತ್ತಿಗೆ ಇನ್ನಿಬ್ಬರು ಗಿರಾಕಿಗಳು ಕಾಯುತ್ತಿದ್ದರು. ಮುಂದಿನ ವಾರ ಅವನು ಒಗೆಯಲು ಏನನ್ನೂ ತರಲಿಲ್ಲ. ಡಬ್ಬಿಯ ತುಂಬ ಶೇಂಗಾ ಚಟ್ನಿಪುಡಿ ತಂದ. ಕಣ್ಣಲ್ಲಿ ನೀರು ಬರುವಷ್ಟು ಖಾರ. ಯಜಮಾನರು ಕೌಂಟರಿನ ಹಿಂದೆಯೇ ನಿಂತು ಅದರೊಡನೆ ಎರಡು ಚಪಾತಿ ತಿಂದರು.